ನೀಲಿ ಸೀರೆಗೆ ಉಳಿದಿದ್ದ ಮೂರು ಮೊಳ

ಅಂದು ಬೆಳಿಗ್ಗೆ ನಮ್ಮ ಮನೆಯವರು ಚಹಾ ಕುಡಿದು, ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರು. ನಾನು ಬಾಗಿಲ ಹತ್ತಿರ ಕುಳಿತು ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದೆ. ನೂಲು ಒಂದೆರಡು ಸಲ ಹರಿಯಿತು.

“ಹಗುರ ಸುತ್ತಲೇ. ನೂಲು ನಿನ್ನ ಸಿಟ್ಟು ತಡಿಯೂದಿಲ್ಲ,” ಎಂದರು.

“ಸಿಟ್ಟು ಬರಸವ್ರು ಯಾರು?” ಎಂದೆ ನಾನು.

ಅವರು ನಕ್ಕು ಲಾಳಿ ಒಗೆದರು. ಹಗಲೆಲ್ಲ ಬೇರೆಯವರ ಪವರ್‌ಲೂಮಿನಲ್ಲಿ ದುಡಿಯುತ್ತಿದ್ದ ಅವರು ಬೆಳಿಗ್ಗೆ ಎರಡು ತಾಸು ಮಾತ್ರ ಮನೆಯ ಈ ಹಳೆಯ ಮಗ್ಗಕ್ಕೆ ಕೂಡುತ್ತಿದ್ದರು. ಬನಹಟ್ಟಿಯ ನಮ್ಮ ಓಣಿಯಲ್ಲಿ ಇಂಥ ಮಗ್ಗ ಉಳಿದದ್ದು ನಮ್ಮದೊಂದೇ. ಅದರ ಮೇಲೆ ಇದ್ದದ್ದು ನೀಲಿ ಒಡಲು, ಕೆಂಪು ಸೆರಗಿನ ಸೀರೆ. ವ್ಯಾಪಾರಿಗೆ ಕೊಡುವುದಲ್ಲ, ಮಗಳಿಗೆ. ಅವಳು ಜಮಖಂಡಿಯಲ್ಲಿ ಎಂ.ಎ. ಮುಗಿಸಿದ್ದಳು. ಅದರಾಚೆಯ ದೊಡ್ಡ ಊರಿನಲ್ಲಿ ನಡೆಯುವ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಹೋಗಿ ಪದವಿಪತ್ರ ತೆಗೆದುಕೊಳ್ಳುವಾಗ ಉಡಲಿ ಎಂದು ಆರಿಸಿದ ನೂಲು. ನೇಕಾರರ ಮನೆಯಲ್ಲಿ ಯಾವ ಕಾರ್ಯ ಬಂದರೂ ಮೊದಲು ಬಟ್ಟೆ ಗೊತ್ತಾಗುತ್ತದೆ, ಮಿಕ್ಕದ್ದು ಆಮೇಲೆ. ಅಲ್ಲಿ ಏನು ಉಡಬೇಕು ಎಂದು ನಾವು ಯಾರನ್ನೂ ಕೇಳಲಿಲ್ಲ. ಕೇಳಬೇಕು ಅನ್ನುವುದೇ ತಲೆಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು.

ಮಗ್ಗದ ಮೇಲೆ ಹಳೆಯ ಧೋತರ ಹೊದಿಸಿದೆವು. ಕಾರ್ಯದ ದಿನಗಳೆಲ್ಲ ಮುಗಿದು ಬಂಧುಬಳಗ ತಿರುಗಿ ಹೋದ ಮೇಲೂ ಅದನ್ನು ತೆಗೆಯುವ ಮನಸ್ಸಾಗಲಿಲ್ಲ. ನಾನು ಅಡುಗೆ ಮಾಡುತ್ತಿದ್ದೆ, ನೀರು ತುಂಬುತ್ತಿದ್ದೆ, ಉಳಿದ ಹೊತ್ತು ಗೋಡೆಗೆ ಒರಗಿ ಕೂಡುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ. ನಾನಾಗಿ ಮಾತಾಡಿದ್ದು ನೆನಪಿಲ್ಲ.

ಒಂದು ದಿನ ಮಗಳು ಫೋನು ಹಿಡಿದುಕೊಂಡು ಬಂದು, ಘಟಿಕೋತ್ಸವದ ತಾರೀಖು ಬಂತು ಎಂದಳು. ನಲವತ್ತು ದಿನ ಇತ್ತು. ಅಂದು ಸಂಜೆ ನಾನು ಧೋತರ ತೆಗೆದು ನೋಡಿದೆ. ಸೆರಗು ಪೂರ್ತಿ ಆಗಿತ್ತು. ಒಡಲು ಮೂರು ಮೊಳ ಉಳಿದಿತ್ತು.

ಕಂಡಿಕೆ ಸುತ್ತುವುದು ಹೆಂಗಸರ ಕೆಲಸ, ಮಗ್ಗಕ್ಕೆ ಕೂಡುವುದು ಗಂಡಸರದು ಎಂಬುದು ನಮ್ಮ ಮನೆಯ ರೂಢಿ. ಅವರು ಸಂತೆಗೆ ಹೋದಾಗ ಕದ್ದು ನಾಲ್ಕು ಎಳೆ ಹಾಕಿದ್ದು ಬಿಟ್ಟರೆ ನಾನು ನೇಯ್ದವಳಲ್ಲ. ಈ ಸಲ ಕಲಿಸಿದವರು ನಮ್ಮ ಅತ್ತೆ, ಗಂಡನ, ಮಗನ ಮಗ್ಗದ ಸದ್ದಿನಲ್ಲೇ ವರ್ಷ ಕಳೆದವರು. ಅವರ ಕಣ್ಣು ಈಗ ಮಂದ. ಕುಣಿಯ ಅಂಚಿಗೆ ಮಣೆ ಹಾಕಿಕೊಂಡು, ಬಡಿತದ ಸದ್ದು ಕೇಳಿಯೇ ಹೇಳುತ್ತಿದ್ದರು.

“ಬಡತ ಜೋರಾತು. ಸೀರಿ ನೇಯಾಕತ್ತಿಯೋ, ಖಾರ ಕುಟ್ಟಾಕತ್ತಿಯೋ?”

“ಕೈ ಹಂಗ ಹೊಕ್ಕೈತ್ರಿ ಅತ್ತಿ.”

“ಕೈ ಹೋಗೂದಿಲ್ಲವ್ವ, ಮನಸ್ಸು ಹೊಕ್ಕೈತಿ. ಕೈ ಅದರ ಹಿಂದ ಓಡತೈತಿ.”

ದಿನಕ್ಕೆ ಒಂದು ಗೇಣು ಆದರೆ ಹೆಚ್ಚು. ಕೆಲವು ದಿನ ಬೆರಳಷ್ಟೂ ಆಗಲಿಲ್ಲ. ಒಮ್ಮೆ ಅಂಚಿನ ದಡಿಯ ಎಳೆ ತಪ್ಪಿ, ನೇಯ್ದದ್ದನ್ನು ಬಿಚ್ಚುವಾಗ ನನಗೆ ಅಳು ಬಂತು. ಆದರೂ ಬೆಳಿಗ್ಗೆ ಎದ್ದಕೂಡಲೇ ಮಗ್ಗ ನೆನಪಾಗುತ್ತಿತ್ತು. ಎದುರುಮನೆಯ ಅಕ್ಕ ಬಾಗಿಲಲ್ಲಿ ನಿಂತು, “ಅವ್ರು ನೇಯತಿದ್ರ ನಿದ್ದಿ ಬರತಿತ್ತು. ನೀ ನೇಯ್ದ್ರ ಎಚ್ಚರಾಕ್ಕೈತಿ,” ಎಂದು ಚಾಷ್ಟಿ ಮಾಡಿದಾಗ ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ನಕ್ಕದ್ದು ಆಗಲೇ.

ಐದು ದಿನ ಇರುವಾಗ ಸೀರೆ ಮುಗಿಯಿತು. ಮಗ್ಗದಿಂದ ಕತ್ತರಿಸಿ ತೆಗೆದು ಮಗಳ ತೊಡೆಯ ಮೇಲಿಟ್ಟೆ. ಅವಳು ಸೆರಗಿನ ಮೇಲೆ ಕೈಯಾಡಿಸಿದಳು, ತಲೆ ಎತ್ತಲಿಲ್ಲ.

“ಅವ್ವಾ, ಅಲ್ಲಿ ಬಿಳಿ ಸೀರಿನ ಉಡಬೇಕಂತ. ಹುಡಿಗ್ಯಾರು ಎಲ್ಲಾರೂ.”

“ಯಾವಾಗ ಗೊತ್ತಾತು ನಿನಗ?”

“ತಾರೀಖ ಬಂದ ದಿನಾನ ಗೊತ್ತಾತು.”

“ಮತ್ತ ಯಾಕ ಬಾಯಿ ಬಿಡಲಿಲ್ಲ?”

“ನೀ ಧೋತರಾ ತಗದಿದ್ದಿ. ಗ್ವಾಡಿ ಬಿಟ್ಟು ಎದ್ದಾಕಿನ್ನ ಮತ್ತ ಹೆಂಗ ಕುಂಡ್ರಸ್ಲಿ?”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳ ಅಪ್ಪನ ಕೊನೆಯ ಸೀರೆ ಆ ಸಭೆಗೆ ಹೋಗುವುದಿಲ್ಲವಲ್ಲ ಎಂಬುದೊಂದೇ ಎದೆಯಲ್ಲಿ ನಿಂತಿತು. ಅಷ್ಟಕ್ಕೇ ನಾನು ಆ ಮೂರು ಮೊಳ ನೇಯ್ದದ್ದು.

ಅತ್ತೆ ಕೈ ಚಾಚಿ ಸೀರೆ ಇಸಿದುಕೊಂಡರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಿನಲ್ಲೇ ಓದಿದಂತೆ ನೋಡಿದರು. ಮಗನ ಬಡಿತ ಮುಗಿದು ನನ್ನದು ಸುರುವಾದ ಜಾಗದಲ್ಲಿ ಬೆರಳು ನಿಂತಿತು. ಅಲ್ಲಿಂದ ಮುಂದೆ ಬಟ್ಟೆ ಸ್ವಲ್ಪ ದಪ್ಪ.

“ತಾಯಿ ತಂದಿಗೂ ಬಿಳೀದಂತೇನ?” ಎಂದು ಮೊಮ್ಮಗಳನ್ನು ಕೇಳಿದರು.

“ಇಲ್ಲ ಆಯಿ. ಬಂದವ್ರು ಏನರ ಉಡಬಹುದು. ಎರಡು ಪಾಸ ಕೊಟ್ಟಾರ.”

“ಹಂಗಾದ್ರ ಇದನ್ನ ನಿಮ್ಮವ್ವ ಉಡತಾಳ.”

ನಾನು ಬೇಡ ಎಂದೆ. ಕೆಂಪು ಸೆರಗು, ಹೊಸ ಸೀರೆ, ಅವರು ಹೋಗಿ ವರ್ಷವೂ ಆಗಿಲ್ಲ. ಮಂದಿ ಏನಂದಾರು ಎಂದೆ. ಇನ್ನೂ ಒಂದು ಮಾತಿತ್ತು, ಅದನ್ನು ಆಡಲಿಲ್ಲ. ಇಷ್ಟು ವರ್ಷದಲ್ಲಿ ಅವರ ಮಗ್ಗದ ಸೀರೆಯಲ್ಲಿ ನನಗೆ ಬಂದದ್ದು ವ್ಯಾಪಾರಿ ಬೇಡವೆಂದು ತಿರುಗಿಸಿದ ಡಾಗು ಬಿದ್ದಂಥವು ಮಾತ್ರ. ಒಳ್ಳೆಯದನ್ನು ಉಟ್ಟು ನನಗೆ ರೂಢಿಯೇ ಇಲ್ಲ.

“ನಿಮ್ಮ ಮಾವ ಹೋದಾಗ ನಾನೂ ಮಂದಿ ಅಂತಾರ ಅಂತ ಹೊಸಾ ಸೀರಿ ಪೆಟಗ್ಯಾಗ ಇಟ್ನಿ,” ಎಂದರು ಅತ್ತೆ. “ನುಸಿ ತಿಂದ್ವು. ಮಂದಿ ಬಂದು ನುಸಿ ಬಿಡಸಲಿಲ್ಲ. ಉಟಗೋ.”

ಸೀರೆ ನನ್ನ ಕೈಗೆ ಕೊಟ್ಟು, “ನೀ ಖಾರ ಕುಟ್ಟಿದ್ದು ಒಳಗ ಸುತ್ತಾಗ ಮುಚ್ಚಿ ಹೊಕ್ಕೈತಿ. ಮ್ಯಾಲ ಕಾಣೂದು ನನ್ನ ಮಗಂದ,” ಎಂದರು. ಮಗಳು ನಗುತ್ತಲೇ ಕಣ್ಣು ಒರೆಸಿಕೊಂಡಳು.

ಆಮೇಲೆ ಬಿಳಿ ಸೀರೆ ಹುಡುಕುವ ಕೆಲಸ. ಊರ ತುಂಬ ಸೀರೆ ನೇಯುವ ಮಂದಿ, ಓಣಿಯಲ್ಲಿ ಒಂದು ಬಿಳಿ ಸೀರೆ ಸಿಗಲಿಲ್ಲ. ಕಡೆಗೆ ಮುಧೋಳದಲ್ಲಿರುವ ಮಗಳ ಗೆಳತಿ, ಹಿಂದಿನ ವರ್ಷ ಅದೇ ಸಭೆಗೆ ಉಟ್ಟಿದ್ದ ಸೀರೆ ಕೊಟ್ಟಳು. ತಂದು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಟ್ಟೆ. ಎರಡನೆಯ ಪಾಸು ಅತ್ತೆಗೆ. “ಕಣ್ಣ ಕಾಣದಾಕಿ ಏನ ನೋಡ್ಲಿ?” ಎಂದು ಒಂದು ದಿನ ಜಗ್ಗಾಡಿದರು. “ಹೆಸರು ಕೂಗೂದು ಕೇಳಸ್ತೈತಿ, ಬಾ ಆಯಿ,” ಎಂದು ಮಗಳು ಒಪ್ಪಿಸಿದಳು.

ಹೊರಡುವ ದಿನ ನಸುಕಿನಲ್ಲಿ ಎದ್ದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ನೀಲಿ ಸೀರೆ ಉಟ್ಟೆ. ದಪ್ಪಗಿನ ಮೂರು ಮೊಳ ಸೊಂಟದ ಸುತ್ತ ಒಳಗೆ ಹೋಯಿತು. ಕೆಂಪು ಸೆರಗು ಹೆಗಲ ಮೇಲೆ ಬಂತು. ಎದುರುಮನೆಯ ಅಕ್ಕ ನೋಡಿದಳು, ನನ್ನ ನಿರಿಗೆ ಸರಿ ಮಾಡಿ ಕಳಿಸಿದಳು. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತೆವು. ಜಮಖಂಡಿ ದಾಟುವಾಗ ಅತ್ತೆ ನಿದ್ದೆಗೆ ಜಾರಿದರು. ಮಗಳು ಕಿಟಕಿಯ ಕಡೆ ಮುಖ ಮಾಡಿ, ಬಿಳಿ ಸೀರೆಗೆ ಧೂಳು ಹತ್ತದಂತೆ ಟವೆಲು ಹೊದ್ದುಕೊಂಡಿದ್ದಳು. ನಾನು ಸುಖವಾಗಿದ್ದೆ. ಹಾಗೆ ಬರೆಯಲು ಈಗ ನನಗೆ ಸಂಕೋಚವಿಲ್ಲ.

ಹೋಗಿ ಬಂದು ಎಂಟು ತಿಂಗಳಾಯಿತು. ಪದವಿಪತ್ರ ಮನೆಯಲ್ಲಿದೆ. ಅದನ್ನು ನೋಡಲು ನಮ್ಮ ಮನೆಯವರು ಇಲ್ಲ.