ಆಗದವನ ಕತ್ತೆ

ಗಲ್ಫಿನ ದಹ್ರಾನಿನಲ್ಲಿ, ನಮ್ಮ ತೈಲ ಕಂಪನಿಯ ಕ್ಯಾಂಪಿನಲ್ಲಿ ಮನೆಗೂ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಪಕ್ಕದ ಮನೆಗೆ ಅಮೆರಿಕದಿಂದ ಭೂವಿಜ್ಞಾನಿಯೊಬ್ಬರು ಬಂದಿದ್ದರು. ಐವತ್ತು ದಾಟಿದ ಹೆಂಗಸು, ಒಬ್ಬರೇ ವಾಸ. ಪ್ರತಿ ಗುರುವಾರ ಸಂಜೆ, ಇಲ್ಲಿನ ವಾರದ ರಜೆ ಶುರುವಾಗುವ ಹೊತ್ತಿಗೆ, ಅವರ ಮನೆಯಿಂದ ಜಗಳ ಕೇಳಿಸುತ್ತಿತ್ತು. ಒಂದು ಅವರ ದನಿ, ಇನ್ನೊಂದು ಕಂಪ್ಯೂಟರಿನಿಂದ ಬರುವ ಹುಡುಗಿಯ ದನಿ. "ಇಲ್ಲಮ್ಮ, ನೀನು ಹೇಳುವುದು ಪೂರ್ತಿ ತಪ್ಪು" ಎಂದು ಆ ಹುಡುಗಿ ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು.

"ಎಂತ ತಾಯಿ ಮಗಳು ಮಾರಾಯ್ತಿ, ಹೀಗೆ ಕಚ್ಚಾಡೋದು!" ಎಂದರು ನನ್ನ ಗಂಡ.

ನನಗೆ ಒಳಗೊಳಗೇ ಸಮಾಧಾನವಾಯಿತು. ಮಣಿಪಾಲದಲ್ಲಿ ಓದುತ್ತಿದ್ದ ನಮ್ಮ ಮಗಳು ನನಗೆ ಎಂದೂ ಎದುರಾಡಿದವಳಲ್ಲ. ಫೋನು ಮಾಡಿದರೆ ಊಟ ಆಯಿತಾ, ಆಯಿತು. ಮಳೆ ಉಂಟಾ, ಉಂಟು. ಸರಿ ಅಮ್ಮ, ಇಡ್ತೇನೆ. ಅಷ್ಟೇ.

ಒಂದು ಗುರುವಾರ ಗಲಾಟೆ ಜೋರಾಗಿದ್ದಾಗ ಮಾವಿನ ಹಣ್ಣು ಹೆಚ್ಚಿಕೊಂಡು ಹೋದೆ. ನೊಂದ ತಾಯಿಗೆ ಎರಡು ಮಾತು ಹೇಳಿ ಬರೋಣವೆಂದು. ಬಾಗಿಲು ತೆರೆದ ಅವರ ಮುಖ ಕೆಂಪಾಗಿತ್ತು, ಆದರೆ ಅದು ನಗುವಿನ ಕೆಂಪು. ಮೇಜಿನ ಮೇಲೆ ದೊಡ್ಡ ಪುಸ್ತಕವೊಂದು ತೆರೆದಿತ್ತು. ಪುಟದ ನಡುವೆ ಒಂದಿಷ್ಟು ಬರಹ, ಅದರ ಸುತ್ತ ನಾಲ್ಕೂ ಕಡೆ ಸಣ್ಣ ಅಕ್ಷರಗಳ ದಟ್ಟಣೆ.

"ನಡುವೆ ಇರೋದರ ಬಗ್ಗೆ ಸುತ್ತ ಇರೋರು ನೂರಾರು ವರ್ಷಗಳಿಂದ ವಾದ ಮಾಡ್ತಾ ಇದ್ದಾರೆ. ನಾವಿಬ್ಬರೂ ಅದರೊಳಗೆ ಸೇರಿಕೊಂಡಿದ್ದೇವೆ" ಎಂದರು.

ಅವರು ಯಹೂದಿ. ವಾರಕ್ಕೊಮ್ಮೆ ಮಗಳ ಜೊತೆ ಧರ್ಮಗ್ರಂಥ ಓದುತ್ತಾರೆ. ಅವರಲ್ಲಿ ಇದನ್ನು ಒಬ್ಬರೇ ಕೂತು ಓದುವುದು ಕಡಿಮೆಯಂತೆ, ಜೋಡಿ ಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಸುಮ್ಮನೆ ಒಪ್ಪಿಕೊಂಡರೆ ಓದಿದಂತೆಯೇ ಅಲ್ಲ. "ನನ್ನ ಅಮ್ಮನಿಗೆ ಈ ಪುಸ್ತಕ ಮುಟ್ಟಲಿಕ್ಕೂ ಯಾರೂ ಕೊಡಲಿಲ್ಲ. ನಾನು ಕಲಿತದ್ದು ನನ್ನ ಮಗಳು ಶಾಲೆಯಿಂದ ಪ್ರಶ್ನೆ ತಂದ ಮೇಲೆ" ಎಂದರು. ಪರದೆಯಲ್ಲಿದ್ದ ಮಗಳು ನನಗೆ ಕೈ ಬೀಸಿ, "ಅಮ್ಮ, ತಪ್ಪಿಸಿಕೊಳ್ಳಬೇಡ, ಉತ್ತರ ಹೇಳು" ಎಂದಳು.

ಮನೆಗೆ ಬಂದು ಕೂತೆ. ಎದೆಯೊಳಗೆ ಏನೋ ಚುರುಗುಟ್ಟುತ್ತಿತ್ತು. ಹೊಟ್ಟೆಕಿಚ್ಚು ಎಂದು ಹೆಸರಿಡಲು ಸ್ವಲ್ಪ ಹೊತ್ತು ಬೇಕಾಯಿತು. ಇನ್ನೊಬ್ಬರ ಕಾರು, ಬಡ್ತಿ, ಒಡವೆ ನೋಡಿ ನನಗೆ ಹೀಗೆಂದೂ ಆಗಿರಲಿಲ್ಲ. ಒಂದು ಜಗಳಕ್ಕಾಗಿ ಹೊಟ್ಟೆ ಉರಿಯುತ್ತಿತ್ತು.

ನಮ್ಮ ಅಪ್ಪ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು, ಪುರಾಣದ ಪಾತ್ರಗಳಾಗಿ, ಧರ್ಮ ಯಾವುದು ಅಧರ್ಮ ಯಾವುದು ಎಂದು ಮಾತಿನಲ್ಲೇ ಹೊಡೆದಾಡುವುದು. ಆ ಚಾಪೆಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಬಾಗಿಲಿನ ಹಿಂದೆ ನಿಂತು ಕೇಳುತ್ತಿದ್ದ ನನಗೆ ಎದುರಾಳಿಗಿಂತ ಮೊದಲು ಉತ್ತರ ಹೊಳೆಯುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಪಕ್ಕದ ಮನೆಯವಳಿಗೂ ಬಾಗಿಲು ಮುಚ್ಚಿತ್ತಲ್ಲ, ಅವಳು ತೆರೆದುಕೊಂಡಳು. ಜೊತೆಗೆ ಕೂರಲು ಮಗಳೂ ಸಿಕ್ಕಳು.

ಮರುದಿನವೇ ಮಗಳಿಗೆ ಫೋನು ಮಾಡಿ, ಮರದ ಮರೆಯಲ್ಲಿ ನಿಂತು ಬಾಣ ಬಿಡುವುದು ಧರ್ಮವಾ ಎಂದು ಕೇಳಿದೆ.

"ಅಮ್ಮ, ನಿಂಗೆ ಹುಷಾರಿಲ್ವಾ?" ಎಂದಳು. "ಲ್ಯಾಬ್ ಉಂಟು, ಆಮೇಲೆ ಮಾತಾಡುವ."

ರಜೆಗೆ ಅವಳು ದಹ್ರಾನಿಗೆ ಬಂದಳು. ಆ ಗುರುವಾರ ಪಕ್ಕದವರು ಬಾಗಿಲು ತಟ್ಟಿದರು. ಅವರ ಮಗಳಿಗೆ ಪರೀಕ್ಷೆಯಂತೆ. "ಜೋಡಿ ಇಲ್ಲದೆ ಕೂತಿದ್ದೇನೆ. ನಿಮ್ಮ ಮಗಳನ್ನು ಸ್ವಲ್ಪ ಹೊತ್ತು ಕಳಿಸ್ತೀರಾ?" ಎಂದರು. ನಾನೂ ಜೊತೆಗೆ ಹೋದೆ.

ಪ್ರಶ್ನೆ ಒಂದು ಕತ್ತೆಯದು. ನಮಗೆ ಆಗದವನ ಕತ್ತೆ ಹೊರೆಯ ಭಾರಕ್ಕೆ ದಾರಿಯಲ್ಲಿ ಕುಸಿದಿದೆ. ಹೊರೆ ಇಳಿಸಲು ನೆರವಾಗಬೇಕು ಎನ್ನುತ್ತದೆ ಗ್ರಂಥ. ಆದರೆ ಅವನು ಪಕ್ಕದಲ್ಲಿ ಕೂತು, ಇಳಿಸುವುದು ನಿನ್ನ ಕರ್ತವ್ಯ, ನೀನೇ ಇಳಿಸು ಎಂದರೆ?

"ಹಾಗಾದ್ರೆ ನಾನು ಹೊರಟುಹೋಗ್ತೇನೆ" ಎಂದಳು ಮಗಳು.

"ಕತ್ತೆ ಎಂತ ತಪ್ಪು ಮಾಡಿತು?" ಎಂದರು ಅವರು.

ಮಗಳು ಕುರ್ಚಿ ಮುಂದೆ ಎಳೆದುಕೊಂಡಳು. ಸಹಾಯ ಕತ್ತೆಗೋ ಅವನಿಗೋ? ಅವನಿಗಾದರೆ ಅವನೂ ಕೈ ಹಚ್ಚಲಿ. ಕತ್ತೆಗಾದರೆ ಅದು ಆಗದವನದು ಎಂದು ಗ್ರಂಥ ಹೇಳಿದ್ದೇಕೆ? ಅವರು ತಲೆ ಕೆರೆದುಕೊಂಡರು, ಪುಟ ತಿರುಗಿಸಿದರು, "ಇದು ನನಗೆ ಹೊಳೆದಿರಲೇ ಇಲ್ಲ" ಎಂದು ಮೇಜು ಬಡಿದು ನಕ್ಕರು. ನನ್ನ ಮಗಳ ಕಣ್ಣು ಹೊಳೆಯುತ್ತಿತ್ತು. ಆ ಕಣ್ಣನ್ನು ನಾನು ನೋಡಿದ್ದು ಯಾವ ಕಾಲದಲ್ಲೋ.

ಸುಮ್ಮನಿರಲಾಗಲಿಲ್ಲ. "ಕಷ್ಟದಲ್ಲಿದ್ದವರಿಗೆ ಸಹಾಯ ಮಾಡಬೇಕು. ಅದರಲ್ಲಿ ಇಷ್ಟು ಯೋಚಿಸ್ಲಿಕ್ಕೆ ಎಂತ ಉಂಟು?" ಎಂದೆ.

ಇಬ್ಬರೂ ನನ್ನತ್ತ ನೋಡಿ ಮರ್ಯಾದೆಯಿಂದ ತಲೆಯಾಡಿಸಿದರು. ಮಾತು ಅಲ್ಲಿಗೇ ಸತ್ತಿತು. ಒಲೆಯ ಮೇಲೆ ಸಾರು ಇದೆ ಎಂದು ಸುಳ್ಳು ಹೇಳಿ ಎದ್ದು ಬಂದೆ. ನಮ್ಮ ಮನೆಯೊಳಗೆ ಕಾಲಿಡುವಷ್ಟರಲ್ಲಿ ಗೋಡೆಯಾಚೆ ಮತ್ತೆ ವಾದ ಹತ್ತಿಕೊಂಡಿತು. ಈ ಸಲ ಆ ದನಿ ನನ್ನ ಮಗಳದು.

ಅವಳು ವಾಪಸು ಬಂದಾಗ ನಾನು ಮುಖ ಬಿಗಿದುಕೊಂಡಿದ್ದೆ. "ಅವರ ಹತ್ರ ಅಷ್ಟೆಲ್ಲ ಮಾತು ಬರ್ತದೆ. ನನ್ನ ಹತ್ರ ಮಾತಾಡ್ಲಿಕ್ಕೆ ಎಂತ ಕಷ್ಟ ನಿಂಗೆ?"

ಅವಳು ಚಪ್ಪಲಿ ಕಳಚುತ್ತಾ ಯೋಚಿಸಿದಳು. ಸಿಟ್ಟಾಗಲಿಲ್ಲ. "ಅಮ್ಮ, ನೀನು ಮನೆಯಲ್ಲೂ ಟೀಚರೇ. ಉತ್ತರ ಕೈಯಲ್ಲಿ ಇಟ್ಕೊಂಡೇ ಪ್ರಶ್ನೆ ಕೇಳ್ತಿ. ಆಂಟಿಗೆ ಉತ್ತರ ಗೊತ್ತಿರ್ಲಿಲ್ಲ."

ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಹೇಳಿಕೊಟ್ಟವಳು ನಾನು. ಆ ಮಾತು ಹಲವು ದಿನ ಚುಚ್ಚಿತು. ಅವಳು ಹೊರಟುಹೋದ ಮೇಲೂ ಚುಚ್ಚುತ್ತಿತ್ತು.

ಕೊನೆಗೊಂದು ದಿನ ಫೋನಿನಲ್ಲಿ ಊಟದ ವಿಷಯ ಎತ್ತದೆ, ನನಗೆ ನಿಜವಾಗಿ ಉತ್ತರ ಗೊತ್ತಿಲ್ಲದ್ದನ್ನೇ ಕೇಳಿದೆ. "ಪಕ್ಕದ ಮನೆ ಆಂಟಿಯನ್ನು ಕಂಡರೆ ನಂಗೆ ಹೊಟ್ಟೆಕಿಚ್ಚು. ಅವರ ಕತ್ತೆ ಬಿದ್ದರೆ ನಾನು ಎತ್ತಬೇಕಾ?"

ಅವಳು ಕೇಳಿದಳು, "ಅವರು ನಿಂಗೆ ಎಂತ ಮಾಡಿದ್ರು?"

"ಎಂತದೂ ಮಾಡ್ಲಿಲ್ಲ."

"ಹಾಗಾದ್ರೆ ಅವರು ಆಗದವರು ಹೇಗಾಗ್ತಾರೆ? ರೂಲ್ ಅಪ್ಲೈ ಆಗೋದೇ ಇಲ್ಲ."

"ಆಗದವರು ಅಂತ ತೀರ್ಮಾನ ಮಾಡೋದು ಯಾರು? ಹೊಟ್ಟೆ ಉರಿಯೋದು ನಂದು."

"ಇಲ್ಲಮ್ಮ, ಅದು ತಪ್ಪು" ಎಂದಳು ಅವಳು. ಯಾಕೆ ತಪ್ಪು ಎಂದು ಕೇಳಿದೆ. ಹೇಳಿದಳು. ನಾನು ಒಪ್ಪಲಿಲ್ಲ. ಮೆಸ್ಸಿಗೆ ಹೊತ್ತಾಯಿತೆಂದು ಗೆಳತಿ ಕರೆದರೂ ಅವಳು ಫೋನು ಇಡಲಿಲ್ಲ.

ಈಗ ವಾರಕ್ಕೊಮ್ಮೆ ಹೀಗೊಂದು ನಡೆಯುತ್ತದೆ. ಹೊಟ್ಟೆಕಿಚ್ಚು ಹೋಯಿತೆಂದರೆ ಸುಳ್ಳಾದೀತು. ಪಕ್ಕದವರಿಗೆ ಸುತ್ತ ನಾಲ್ಕೂ ಕಡೆ ಹಿರಿಯರು ತುಂಬಿದ ಪುಟವಿದೆ. ನಾವಿಬ್ಬರೂ ಬರಿಗೈಯಲ್ಲಿ ತಡಕಾಡುತ್ತೇವೆ. ಅದಕ್ಕಿಂತ ಹೆಚ್ಚು ಉರಿಯುವುದು, ವಾದದಲ್ಲಿ ಇಬ್ಬರೂ ಸಿಕ್ಕಿಬಿದ್ದಾಗ ನನ್ನ ಮಗಳು, "ತಡಿ ಅಮ್ಮ, ಆಂಟಿ ಎಂತ ಹೇಳ್ತಾರೆ ಕೇಳಿ ಬಾ" ಎನ್ನುವಾಗ. ಹಲ್ಲು ಕಚ್ಚಿಕೊಂಡು ಹೋಗಿ ಕೇಳುತ್ತೇನೆ.