ಅಡುಗೆ ಚಾನೆಲ್ಲಿನಲ್ಲೊಂದು ಕಬ್ಬಿನ ಲಾರಿ

ನನ್ನ ಬಲಗೈ ಹೆಬ್ಬೆರಳಿಗೆ ಅಭಿಮಾನಿಗಳಿದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ತೆಗೆಯುವ ಪ್ರತಿ ವಿಡಿಯೊದ ಮೂಲೆಯಲ್ಲೂ ಅದು ದಪ್ಪಗೆ, ಮಸುಕುಮಸುಕಾಗಿ ಬಂದು ಕೂತಿರುತ್ತದೆ. ಫೋನನ್ನು ಹೇಗೆ ಹಿಡಿಯಬೇಕೆಂದು ಎಷ್ಟು ಜನ ಹೇಳಿಕೊಟ್ಟರೂ ನನಗೆ ಬಂದಿಲ್ಲ. ಒಂದು ದಿನ ಅದು ಹೇಗೋ ತಪ್ಪಿಸಿಕೊಂಡಾಗ ಕೊತ್ತತ್ತಿಯ ಜಯಮ್ಮನವರು ಕಾಮೆಂಟು ಹಾಕಿದ್ದರು: "ಅಕ್ಕ, ಇವತ್ತು ಬೆರಳು ಕಾಣಿಸಲಿಲ್ಲ. ಹುಷಾರಾಗಿದ್ದೀರಾ?" ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ಮನೆಯಲ್ಲಿ ನನ್ನ ಬೆರಳನ್ನು ಯಾರೂ ಹೀಗೆ ವಿಚಾರಿಸಿಕೊಂಡಿರಲಿಲ್ಲ.

ಈ ಚಾನೆಲ್ಲನ್ನು ನಾನು ಶುರು ಮಾಡಿದ್ದು ಬಸ್ಸಾರಿಗಾಗಿ. ಮದ್ದೂರಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತು ಬಸ್ಸಾರು, ಉಪ್ಪೆಸರು, ಮಸ್ಸೊಪ್ಪು ಎಲ್ಲವನ್ನೂ ಲೋಕಕ್ಕೆ ಕಲಿಸಿಬಿಡೋಣ ಎಂಬ ಹುಮ್ಮಸ್ಸು ನನ್ನದು. ಲೋಕ ಕಲಿಯಲಿಲ್ಲ. ನೋಡುತ್ತಿದ್ದವರೆಲ್ಲ ನಮ್ಮ ನೆಂಟರೇ. ಅವರು ನನ್ನ ಸಾರನ್ನು ಉಂಡು ಬಲ್ಲವರಾದ್ದರಿಂದ ಯಾರೂ ಹೊಗಳುವ ಗೋಜಿಗೆ ಹೋಗಲಿಲ್ಲ.

ಆಗ ನಮ್ಮ ಯಜಮಾನರು ಹೊಸದಾಗಿ ನಿವೃತ್ತರಾಗಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಊರಿಗೆಲ್ಲ ಮೇಷ್ಟ್ರಾದ್ದರಿಂದ ನನಗೂ ಮೇಷ್ಟ್ರೇ. ನಿವೃತ್ತ ಗಂಡ ಮನೆಯಲ್ಲಿದ್ದರೆ ಎರಡು ಸಲ ಗುಡಿಸಿದ ನೆಲವೂ ಅವರ ಕಣ್ಣಿಗೆ ಕೊಳೆಯಾಗಿಯೇ ಕಾಣುತ್ತದೆ. ಅವರನ್ನು ಹೊರಗೆ ಓಡಾಡಿಸುವ ಉಪಾಯವಾಗಿ ಒಂದು ದಿನ ಮಳವಳ್ಳಿ ಕಡೆಯ ನಮ್ಮ ಮಾವನವರ ಹಳ್ಳಿಗೆ ಹೊರಡಿಸಿದೆ. ಮೈದುನನ ಆಲೆಮನೆಯಲ್ಲಿ ಬಿಸಿ ಬೆಲ್ಲ ಇಳಿಸುವುದನ್ನು ಚಾನೆಲ್ಲಿಗೆ ತೋರಿಸುವುದು ನನ್ನ ಲೆಕ್ಕಾಚಾರವಾಗಿತ್ತು. ಬೆಲ್ಲವನ್ನೇನೋ ತೋರಿಸಿದೆ. ಫೋನನ್ನು ಆಫ್ ಮಾಡಲು ಮರೆತು ಆಲೆಮನೆಯ ಹಿಂದಕ್ಕೆ ಹೋದೆ. ಅಲ್ಲಿ ಹೊಂಗೆ ಮರದ ಕೆಳಗೆ, ತೀರಿಹೋದ ನಮ್ಮ ಮಾವನವರು ಕಬ್ಬು ಸಾಗಿಸುತ್ತಿದ್ದ ಹಳೆಯ ಲಾರಿ ನಿಂತಿತ್ತು. ಮೇಷ್ಟ್ರು ಅದರ ಮೂತಿಯ ಮೇಲೆ ಅಂಗೈ ಊರಿ ಸುಮ್ಮನೆ ನಿಂತಿದ್ದರು.

ಮೂತಿ ಎಂದೆ. ಈಗಿನ ಲಾರಿಗಳಿಗೆ ಮೂತಿಯೆಂಬುದೇ ಇಲ್ಲ. ಗೋಡೆಯನ್ನು ಕಿತ್ತು ಚಕ್ರದ ಮೇಲೆ ಇಟ್ಟ ಹಾಗೆ ಬರುತ್ತವೆ. ಆ ಕಾಲದ ಲಾರಿಗೆ ಉದ್ದನೆಯ ಮೂಗಿತ್ತು, ಎರಡು ಕಡೆ ದೀಪದ ಕಣ್ಣಿದ್ದವು, ಗಾಜಿನ ಮೇಲೆ ಹಣೆಯಿತ್ತು. ಹಣೆಯ ಮೇಲೆ ದೇವರ ಹೆಸರಿರುತ್ತಿತ್ತು. ನಮ್ಮ ಮಾವನವರ ಲಾರಿಯ ಹಣೆಯ ಹಲಗೆಯಲ್ಲಿ 'ಮುತ್ತತ್ತಿರಾಯನ ಕೃಪೆ' ಎಂದು ಕೆತ್ತಿಸಿದ್ದರು. ಕ್ಯಾಬಿನ್ನಿಗೆ ಚಪ್ಪಲಿ ಹಾಕಿಕೊಂಡು ಹತ್ತಿದವರನ್ನು, ಅವರು ಬೀಗರೇ ಆಗಲಿ, ಕೆಳಗಿಳಿಸಿಬಿಡುತ್ತಿದ್ದರಂತೆ. ನಾನು ನೋಡಿದ ದಿನ ಆ ಕ್ಯಾಬಿನ್ನಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಚಪ್ಪಲಿ ಹಾಕಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಆ ವಿಡಿಯೊಗೆ ಬಂದ ಕಾಮೆಂಟುಗಳಲ್ಲಿ ಬೆಲ್ಲದ ಮಾತೇ ಇರಲಿಲ್ಲ. ಮೊದಲನೆಯದು ಶಿವನಸಮುದ್ರದ ಪುಟ್ಟಸ್ವಾಮಿ ಎಂಬವರದು. ಅಲ್ಲಿನ ಪವರ್ ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಈ ಲಾರಿ ನನಗೆ ಗೊತ್ತು ಮೇಡಂ. ನಾನು ಇದರಿಂದ ಕಬ್ಬು ಕದ್ದಿದ್ದೇನೆ. ಹುಣಸೆಮರದ ಏರಿನ ಹತ್ತಿರವೇ ನಮ್ಮ ಅಜ್ಜಿ ಮನೆ. ಏರು ಬಂದ ಕೂಡಲೇ ಆ ಪುಣ್ಯಾತ್ಮರು ಗಾಡಿ ನಿಧಾನ ಮಾಡುತ್ತಿದ್ದರು. ನಾವು ಕಿತ್ತುಕೊಂಡ ಮೇಲೇ ಮುಂದೆ ಹೋಗುತ್ತಿದ್ದರು," ಎಂದು ಬರೆದಿದ್ದರು.

ಅದರ ಕೆಳಗೆ ತಪ್ಪೊಪ್ಪಿಗೆಗಳ ಸಾಲು. ಮಂಡ್ಯದ ಕಡೆ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಕಬ್ಬಿನ ಲಾರಿಯಿಂದ ಜಲ್ಲೆ ಎಳೆಯುವುದೂ ಒಂದು ವಿದ್ಯೆ. ಮೇಲಿನದನ್ನು ಎಳೆಯಬಾರದು, ಹೊರೆ ಜಗ್ಗುತ್ತದೆ. ನಡುವಿನದಕ್ಕೆ ಕೈ ಹಾಕಬೇಕು, ಬುಡದ ಕಡೆ ಹಿಡಿಯಬೇಕು, ಲಾರಿಯ ಜೊತೆಗೇ ಓಡುತ್ತ ಒಂದು ಕ್ಷಣ ನಿಂತುಬಿಡಬೇಕು. ಆಗ ಲಾರಿ ಮುಂದೆ ಹೋಗುತ್ತದೆ, ಕಬ್ಬು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಇಷ್ಟು ಕಷ್ಟಪಟ್ಟು ಕಿತ್ತ ಕಬ್ಬಿನ ರುಚಿ ಮನೆಯ ಗದ್ದೆಯ ಕಬ್ಬಿಗೆ ಯಾವತ್ತೂ ಬರುವುದಿಲ್ಲ. ನಾನೂ ಎಳೆದವಳೇ, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಆದರೆ ನಮ್ಮ ಮಾವನವರ ಲಾರಿಯಿಂದಲ್ಲ. ಎಳೆದಿದ್ದರೆ ಮದುವೆಯ ಮಾತುಕತೆಯಲ್ಲಿ ಸ್ವಲ್ಪ ಮುಜುಗರವಾಗುತ್ತಿತ್ತು.

ಮೇಷ್ಟ್ರು ಕಾಮೆಂಟುಗಳನ್ನೆಲ್ಲ ಓದಿ ಕನ್ನಡಕ ತೆಗೆದಿಟ್ಟರು. "ನಮ್ಮಪ್ಪನಾ? ನಿಧಾನ ಮಾಡ್ತಿದ್ನಾ?" ಎಂದರು. ಅವರು ಬಲ್ಲ ಅಪ್ಪ ಬೇರೆ. ಲೋಡಾದ ಲಾರಿ ರಾತ್ರಿ ಮನೆಯ ಮುಂದೆ ನಿಂತರೆ ಹುಡುಗನಾಗಿದ್ದ ಇವರು ಅದರ ಸುತ್ತ ಸುಳಿಯುತ್ತಿದ್ದರಂತೆ. ಒಮ್ಮೆ ಧೈರ್ಯ ಮಾಡಿ ಒಂದು ಜಲ್ಲೆ ಎಳೆದೂ ಬಿಟ್ಟರು. ಅಪ್ಪ ಬಂದು ಬಾಯಲ್ಲಿದ್ದದ್ದನ್ನೇ ಕಿತ್ತುಕೊಂಡು, ಅದನ್ನು ಮತ್ತೆ ಹೊರೆಯೊಳಕ್ಕೆ ತುರುಕಿ, "ಕಂಡೋರ ಕಬ್ಬು ಕಣ್ಲಾ ಅದು" ಎಂದರಂತೆ. ಅಷ್ಟೇ. ಹೊಡೆಯಲಿಲ್ಲ, ಬಡಿಯಲಿಲ್ಲ. ಆದರೂ ಆ ಕಬ್ಬು ಮೇಷ್ಟ್ರ ಗಂಟಲಲ್ಲೇ ಉಳಿದುಬಿಟ್ಟಿತ್ತು. ಈಗ ನೋಡಿದರೆ ಊರ ಮಕ್ಕಳಿಗೆಲ್ಲ ಪುಣ್ಯಾತ್ಮ, ಮನೆಯ ಮಗನಿಗೆ ಮಾತ್ರ ಹೀಗೆ! ಅರವತ್ತು ದಾಟಿದ ಗಂಡಸಿಗೆ ಹೊಟ್ಟೆಕಿಚ್ಚಾಗಿದ್ದನ್ನು ನಾನು ಕಣ್ಣಾರೆ ಕಂಡೆ. ನಗಬೇಕೆನಿಸಿತು, ಆದರೆ ಅವರ ಮುಖ ನೋಡಿ ನಗು ಬರಲಿಲ್ಲ.

"ಲಾರಿ ರಿಪೇರಿ ಮಾಡ್ಸಣ ಕಣೆ," ಎಂದರು ಮಾರನೆಯ ದಿನ. "ಲೋಡು ತುಂಬಿ ಆ ಏರಲ್ಲಿ ಒಂದು ಸಲ ನಾನೇ ಓಡಿಸ್ಬೇಕು. ಅಪ್ಪನಿಗೆ ಏನನ್ನಿಸ್ತಿತ್ತು ಅಂತ ಗೊತ್ತಾಗ್ಬೇಕು ನಂಗೆ."

ಹೀಗೆ ನನ್ನ ಅಡುಗೆ ಚಾನೆಲ್ಲಿಗೆ ಗ್ರೀಸು ಮೆತ್ತಿಕೊಂಡಿತು. ಕೋಳಿಗೆ ಬೇರೆ ಬುಟ್ಟಿ ಹುಡುಕಿ, ಲಾರಿಯನ್ನು ಮಂಡ್ಯದ ಗ್ಯಾರೇಜಿಗೆ ಎಳೆಸಿದೆವು. ಆಮೇಲೆ ನಾವಿಬ್ಬರೂ ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ತುಕ್ಕು ಕೆರೆಯುವುದು, ಸಂಜೆ ಮೈಯೆಲ್ಲ ಡೀಸೆಲ್ ವಾಸನೆ ಮಾಡಿಕೊಂಡು ಬರುವುದು. ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಸದಾ ಖಾಲಿ. ಚಾನೆಲ್ಲಿನ ಹೆಸರನ್ನು ಬದಲಾಯಿಸುವುದು ಹೇಗೆಂದು ಗೊತ್ತಾಗದೆ ಹಾಗೇ ಬಿಟ್ಟೆ. ಹೀಗಾಗಿ ಅಡುಗೆಯ ಹೆಸರಿನ ಕೆಳಗೆ ಗೇರ್ ಬಾಕ್ಸು ಬಿಚ್ಚುವ ವಿಡಿಯೊ. ಚಾನೆಲ್ಲಿನ ಬಳಗಕ್ಕೂ ಅದೇ ಇಷ್ಟವಾಯಿತು. "ಅಕ್ಕ, ಎಂಜಿನ್ನು ಎಷ್ಟು ವಿಜಲ್ ಕೂಗಿಸಬೇಕು?" ಎಂದು ಕೇಳುವವರು. "ಕ್ಲಚ್ ಪ್ಲೇಟಿಗೆ ಒಗ್ಗರಣೆ ಹಾಕಿದ್ದೀರಾ?" ಎನ್ನುವವರು. ಬರೀ ತಮಾಷೆಯಲ್ಲ, ಸಹಾಯವೂ ಬಂತು. ಯಾರೋ ಅಟ್ಟದಲ್ಲಿದ್ದ ಹಳೆಯ ಹೆಡ್‌ಲೈಟನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದರು. ಪುಟ್ಟಸ್ವಾಮಿಯವರು ಸ್ಟೇರಿಂಗ್ ಚಕ್ರವೊಂದನ್ನು ಹುಡುಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಕೊಟ್ಟರು. ದಾರಿಯುದ್ದಕ್ಕೂ ಕಂಡಕ್ಟರು "ನೀವೇ ಓಡಿಸ್ತೀರಾ ಸಾರ್?" ಎಂದು ರೇಗಿಸಿದನಂತೆ. ಎಂಜಿನ್ನು ಎಷ್ಟು ತಿಣುಕಿದರೂ ಹೊತ್ತಿಕೊಳ್ಳದೆ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತ ದಿನ ಜಯಮ್ಮನವರು ಬರೆದರು: "ನಮ್ಮನೆ ಗ್ರೈಂಡರೂ ಹಿಂಗೇ ಆಡ್ತಿತ್ತು ಅಕ್ಕ. ಬೈಬೇಡಿ ಅದುನ್ನ. ಊಟ ಮಾಡಿ ಮಲಿಕ್ಕಳಿ, ನಾಳೆ ಎದ್ದೇಳ್ತದೆ." ಒಬ್ಬರ ಮುಖ ಒಬ್ಬರು ನೋಡಿರದ ಜನ ನಮ್ಮ ಲಾರಿಗಾಗಿ ಹೀಗೆ ಮರುಗುವುದನ್ನು ಕಂಡು ನನಗೆ ಹೃದಯ ತುಂಬಿ ಬರುತ್ತಿತ್ತು.

ಜಗಳ ಬಂದದ್ದು ಬಣ್ಣದ ವಿಷಯದಲ್ಲಿ ಮಾತ್ರ. ಲಾರಿ ಹಸಿರಿತ್ತು ಎಂದು ಕೆಲವರು, ನೀಲಿ ಎಂದು ಕೆಲವರು. ಎಲ್ಲರೂ ಕಣ್ಣಾರೆ ಕಂಡವರೇ. ನೆನಪು ಎಂಬುದು ಹೀಗೆಯೇ, ಪ್ರತಿಯೊಬ್ಬರೂ ತಮ್ಮ ಮನೆಯ ಬಾಗಿಲಿಗೆ ಬಳಿದು ಉಳಿದ ಬಣ್ಣವನ್ನೇ ಅದಕ್ಕೂ ಬಳಿದಿರುತ್ತಾರೆ. ಕೊನೆಗೆ ನಮ್ಮ ಅತ್ತೆಯನ್ನೇ ಕೇಳಿದೆವು. ಮದ್ದೂರಿನಲ್ಲಿ ನಮ್ಮ ಜೊತೆಗೇ ಇರುವ ಅವರಿಗೆ ಎಂಬತ್ತರ ಮೇಲಾದರೂ ನಾಲಗೆ ಇನ್ನೂ ಚೂಪು. "ಯಾವ್ ಬಣ್ಣ? ಧೂಳ್ ಬಣ್ಣ," ಎಂದರು. ಹಸಿರನ್ನೇ ಬಳಿಸಿದೆವು. ನೀಲಿ ಪಕ್ಷದವರು ಎರಡು ದಿನ ಮುನಿಸಿಕೊಂಡು ಮತ್ತೆ ಬಂದರು.

ರಿಪೇರಿಯಾದ ಲಾರಿಯನ್ನು ಮೇಷ್ಟ್ರು ಮಂಡ್ಯದಿಂದ ಮದ್ದೂರಿಗೆ ತಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಬೀದಿಯ ತುದಿಯಲ್ಲಿ ಆ ಸದ್ದು ಕೇಳಿಸಿತು. ಟೀವಿ ನೋಡುತ್ತಿದ್ದ ಅತ್ತೆ ತಟ್ಟನೆ ಎದ್ದು ಬಚ್ಚಲ ಕಡೆ ನಡೆದರು. ಹೋಗಿ ನೋಡಿದರೆ ಗೀಜರಿನ ಸ್ವಿಚ್ಚು ಹಾಕಿ ನಿಂತಿದ್ದರು. ಲಾರಿಯ ಸದ್ದು ಕೇಳಿದರೆ ಸ್ನಾನಕ್ಕೆ ನೀರು ಕಾಯಿಸುವುದು ಅವರ ಬದುಕಿನ ಅರ್ಧ ಭಾಗದ ಅಭ್ಯಾಸ. ನನ್ನನ್ನು ಕಂಡು, "ಅದೇನೋ ಕಣವ್ವ, ಕಾಲು ತಾನೇ ಬಂದ್ಬುಡ್ತು," ಎಂದು ಸ್ವಿಚ್ಚು ಆರಿಸಿದರು. ನಾನು ಮತ್ತೆ ಹಾಕಿದೆ. ಮೇಷ್ಟ್ರಿಗೂ ಸ್ನಾನ ಬೇಕಿತ್ತಲ್ಲ.

ಇನ್ನು ಉಳಿದದ್ದು ಏರು. ಮೈದುನ ತನ್ನ ಗದ್ದೆಯ ಕಬ್ಬನ್ನು ಲಾರಿಗೆ ತುಂಬಿಸಿಕೊಟ್ಟ. ಏರು ದಾಟಿ ಅವನ ಆಲೆಮನೆಗೆ ಮುಟ್ಟಿಸಿದರಾಯಿತು. ಚಾನೆಲ್ಲಿನಲ್ಲಿ ಒಂದು ಮಾತು ಹೇಳಿದ್ದೆ ಅಷ್ಟೇ, ಹುಣಸೆಮರದ ಕೆಳಗೆ ಜನ ನೆರೆದಿದ್ದರು. ಹೊಟ್ಟೆ ಬಂದವರು, ತಲೆ ಬೆಳ್ಳಗಾದವರು, ಕನ್ನಡಕ ಜೇಬಿಗೆ ಹಾಕಿಕೊಂಡು ಸಿದ್ಧರಾದವರು. ಮುಂದೆ ನಿಂತಿದ್ದವರು ಪುಟ್ಟಸ್ವಾಮಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು. ಮೇಷ್ಟ್ರು ಚಪ್ಪಲಿ ಬಿಟ್ಟು ಹತ್ತಿದ್ದರು. ಪಕ್ಕದಲ್ಲಿ ನಾನು, ನನ್ನ ಫೋನು. ಲಾರಿ ಏರಿಗೆ ಮೂತಿ ಕೊಟ್ಟಿತು, ನಿಧಾನವಾಯಿತು, ಇನ್ನೂ ನಿಧಾನವಾಯಿತು, ನರಳುತ್ತ ಮನುಷ್ಯರ ನಡಿಗೆಗೆ ಇಳಿಯಿತು. ಹಿಂದೆ 'ಹೋ' ಎಂದು ಕೂಗು ಎದ್ದಿತು. ಕನ್ನಡಿಯಲ್ಲಿ ನೋಡಿದೆ. ಅಜ್ಜಂದಿರೆಲ್ಲ ಓಡುತ್ತಿದ್ದರು. ಪುಟ್ಟಸ್ವಾಮಿಯವರು ನಡುವಿನ ಜಲ್ಲೆಗೇ ಕೈ ಹಾಕಿ, ಬುಡ ಹಿಡಿದು, ನಿಂತುಬಿಟ್ಟರು. ಕಬ್ಬು ಅವರ ಕೈಯಲ್ಲಿ ಉಳಿಯಿತು. ಜನ ಅವರನ್ನು ಎತ್ತಿಕೊಂಡು ಕುಣಿದರು.

ನಾನು ಸಂತೋಷದಿಂದ ಮೇಷ್ಟ್ರ ಕಡೆ ತಿರುಗಿದೆ. ಅವರ ಮುಖ ಪೆಚ್ಚಾಗಿತ್ತು.

"ನಾನು ನಿಧಾನ ಮಾಡಿಲ್ಲ ಕಣೆ," ಎಂದರು. "ಕಾಲು ನೋಡು. ಪೂರ್ತಿ ಒತ್ತಿದೀನಿ. ಅದರ ಕೈಲಿ ಆಗೋದೇ ಇಷ್ಟು."

ನೋಡಿದೆ. ನಿಜ, ಬರಿಗಾಲು ಆಕ್ಸಿಲರೇಟರನ್ನು ನೆಲಕ್ಕೆ ಅಂಟಿಸಿತ್ತು. ತುಂಬಿದ ಲೋಡು, ಮುದಿ ಎಂಜಿನ್ನು, ಕಡಿದಾದ ಏರು. ಹೋಗು ಎಂದು ಹೊಡೆದರೂ ಅದು ಹೋಗುವುದು ಅಷ್ಟೇ. ಜೀವಮಾನವಿಡೀ ಕಪ್ಪು ಹಲಗೆಯ ಮೇಲೆ ಇಳಿಜಾರು ಬರೆದು, ಅದರ ಮೇಲೊಂದು ಚೌಕ ಕೂರಿಸಿ, ಬಾಣ ಎಳೆದು ಪಾಠ ಮಾಡಿದ ಮೇಷ್ಟ್ರಿಗೆ ತಮ್ಮ ಅಪ್ಪನ ಲಾರಿಯೂ ಆ ಚೌಕವೇ ಎಂದು ಹೊಳೆದಿರಲಿಲ್ಲ. ಪುಣ್ಯಾತ್ಮನೂ ಇಲ್ಲ, ಪಕ್ಷಪಾತವೂ ಇಲ್ಲ. ಹೊಟ್ಟೆಕಿಚ್ಚು ಪಡಲಿಕ್ಕೂ ಈಗ ಏನೂ ಉಳಿಯಲಿಲ್ಲವಲ್ಲ ಎಂದು ಅವರಿಗೆ ಇನ್ನಷ್ಟು ಬೇಸರವಾದಂತೆ ಕಂಡಿತು.

ಸುಮ್ಮನಿದ್ದುಬಿಡಿ, ಅಷ್ಟು ಜನರ ಖುಷಿ ಯಾಕೆ ಕೆಡಿಸುತ್ತೀರಿ ಎಂದೆ. ಮೇಷ್ಟ್ರಲ್ಲವೇ, ತಪ್ಪು ಉತ್ತರಕ್ಕೆ ಸರಿ ಗುರುತು ಹಾಕುವುದು ಅವರಿಂದಾಗದು. ಮಾರನೆಯ ದಿನವೇ ಕ್ಯಾಮೆರಾದ ಮುಂದೆ ಕೂತು ಲೋಡು, ಇಳಿಜಾರು, ಗೇರು ಎಲ್ಲವನ್ನೂ ಬಿಡಿಸಿ ಹೇಳಿ, "ನಮ್ಮ ತಂದೆಯವರು ಬೇಕೆಂದು ನಿಧಾನ ಮಾಡುತ್ತಿರಲಿಲ್ಲ, ಕ್ಷಮಿಸಬೇಕು," ಎಂದರು. ಯಾರಾದರೂ ನಂಬಿದರೇ? "ಸಾರ್, ನೀವು ಆಗ ಲಾರಿ ಹಿಂದೆ ಇರಲಿಲ್ಲ, ನಾವಿದ್ದೆವು," ಎಂದರು ಪುಟ್ಟಸ್ವಾಮಿ. "ಅಪ್ಪನ ಹಂಗೇ ನಿಮುಗೂ ದೊಡ್ ಗುಣ, ಮಾಡಿದ್ದುನ್ನ ಯೋಳ್ಕಳಲ್ಲ," ಎಂದರು ಜಯಮ್ಮ. ಮೇಷ್ಟ್ರು ಇದನ್ನು ಜಗಲಿಯಲ್ಲಿ ಕೂತು ನನಗೆ ಓದಿ ಹೇಳಿ, ಬಹಳ ದಿನಗಳ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಲ್ಲೇ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಲೋಡು ಲಾರಿ ಏರ್ನಲ್ಲಿ ನಿಧಾನ್ವಾಗ್ದೆ ಆರೋಯ್ತದಾ?" ಎಂದರು. "ಎಲ್ರ ಲಾರಿನೂ ಹಂಗೇ ಆಯ್ತಿದ್ದೋ. ಮಿಕ್ಕೋರು ಲೋಡಿನ ಮ್ಯಾಲೆ ಒಬ್ಬ ಆಳ ಕೂರ್ಸೋರು, ಕೈಗೆ ಕೋಲು ಕೊಟ್ಟು. ನಿಮ್ಮಪ್ಪ ಕೂರಿಸ್ನಿಲ್ಲ."

ಮೇಷ್ಟ್ರ ನಗು ನಿಂತಿತು. "ಯಾಕವ್ವಾ?"

"ಕೋಲು ಬೀಸುದ್ರೆ ಐಕ್ಳು ಎದುರ್ಕಂಡು ಚಕ್ರುಕ್ಕೆ ಬಿದ್ದಾವು ಅಂತ. ಒಂದ್ ಜಲ್ಲೆ ಓದ್ರೆ ಓಗ್ಲಿ ಬುಡು, ಗದ್ದೆಯೋರ್ಗೆ ನಾನೇ ಯೋಳ್ಕತೀನಿ ಅನ್ನೋನು."

 ಮೇಷ್ಟ್ರು ಎಷ್ಟೋ ವರ್ಷಗಳಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಹುಡುಗನ ದನಿಯಲ್ಲೇ ಕೇಳಿದರು. "ಮತ್ತೆ ನನ್ ಬಾಯಿಂದ ಯಾಕವ್ವ ಕಿತ್ಕಂಡ?"

ಅತ್ತೆ ಈಗ ಅವರ ಕಡೆ ನೋಡಿದರು. ಇಷ್ಟು ಓದಿದವನಿಗೆ ಇದೂ ಗೊತ್ತಿಲ್ಲವಲ್ಲ ಎಂಬಂತಿತ್ತು ಆ ನೋಟ.

"ಕಂಡೋರ್ ಮಕ್ಳಿಗೆ ಬುದ್ಧಿ ಯೋಳಕಾಯ್ತದೇನ್ಲಾ? ಅವ್ಕೆ ಅವ್ರವ್ರ ಅಪ್ಪದೀರವ್ರೆ. ನಿಂಗೆ ಅವ್ನೊಬ್ನೇ ತಾನೆ ಇದ್ದುದ್ದು."

 ಮೇಷ್ಟ್ರು ಮೊರದ ಹತ್ತಿರ ಸರಿದು ಕೂತು, ಅವ್ವನ ಜೊತೆ ಕಾಯಿ ಸುಲಿಯತೊಡಗಿದರು. ನಾನು ಅಭ್ಯಾಸಬಲದಿಂದ ಫೋನು ಎತ್ತಿಕೊಂಡವಳು ಹಾಗೇ ಕೆಳಗಿಟ್ಟೆ. ಚಾನೆಲ್ಲಿನ ಜನಕ್ಕೆ ಅವರ ಪುಣ್ಯಾತ್ಮ ಇದ್ದಾನೆ, ಇರಲಿ. ಕಬ್ಬು ಊರಿನ ಪಾಲು, ಬೈಗುಳ ಮನೆಯವರ ಪಾಲು ಎಂದುಕೊಂಡು ನಾನೂ ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಕೂತೆ.