ಯಾರೂ ಗುರುತಿಸದ ಅಳು

“ಆಪರೇಷನ್ ಆದ್ಮೇಲೆ ಅತ್ರೆ ಕಣ್ಣೀರು ಬರ್ತದಾ ಸಾರ್?”

ಬಂಗಾರಪೇಟೆಯ ಕಣ್ಣಾಸ್ಪತ್ರೆಯಲ್ಲಿ ನಮ್ಮ ಪಕ್ಕದ ಮನೆಯ ಮುನಿಯಮ್ಮ ಹೀಗೆ ಕೇಳಿದಾಗ ಡಾಕ್ಟರು ನಕ್ಕುಬಿಟ್ಟರು. ಕಣ್ಣೀರು ಮೂಗಿಗೆ ಇಳಿಯುವ ನಾಳ ಕಟ್ಟಿಕೊಂಡು ಅವರ ಎರಡೂ ಕಣ್ಣು ವರ್ಷಗಳಿಂದ ಸುರಿಯುತ್ತಲೇ ಇದ್ದವು. ಆ ದಾರಿ ಬಿಡಿಸುವ ಆಪರೇಷನ್‌ಗೆಂದು ಊರಿಗಾಂನಿಂದ ನಾನೇ ಕರೆತಂದಿದ್ದೆ.

“ಅತ್ತರೆ ಬಂದೇ ಬರುತ್ತೆ. ಯಾಕಮ್ಮಾ?”

ಮುನಿಯಮ್ಮ ಸೆರಗಿನಲ್ಲಿ ಕೆನ್ನೆ ಒರೆಸಿಕೊಂಡರು. “ಮಗಳು ತೀರ್ಕಂಡು ಮೂರು ತಿಂಗ್ಳಾತು ಸಾರ್. ದಿನಾ ಅಳ್ತೀನಿ. ಇವಳ ಕಣ್ಣೇ ಅಂಗೆ ಅನ್ಕಂಡು, ಯಾಕಳ್ತೀಯ ಅಂತ ಒಬ್ರೂ ಕೇಳ್ನಿಲ್ಲ.”

ಗೋಡೆಯಾಚೆಗೇ ಇದ್ದ ನಾನೂ ಕೇಳಿರಲಿಲ್ಲ. ಆಪರೇಷನ್ ಆಗಿ ಈಗ ಕಣ್ಣು ಸುರಿಯುವುದು ನಿಂತಿದೆ. ಮೊನ್ನೆ ಬಾಗಿಲ ಮುಂದೆ ಕುಳಿತಿದ್ದ ಅವರ ಕೆನ್ನೆ ಒದ್ದೆಯಾಗಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಪಕ್ಕದಲ್ಲಿ ಕುಳಿತೆ.